ಗಾಳಿಗುಡ್ಡದಲ್ಲಿ ಬೈಗುಳ ನಿಂತ ದಿನಗಳು

ಆ ಯಂತ್ರವನ್ನು ಹುಲಿಯ ಕೊರಳಿಗೆ ಅಂಟಿಸಿದರೆ ಅದು ಘರ್ಜಿಸಿದ್ದು ಕೂಡ "ಬನ್ನಿ, ಕೂತುಕೊಳ್ಳಿ, ಊಟ ಆಯಿತೆ?" ಎಂದೇ ಕೇಳಿಸುತ್ತದೆ, ಏಳು ಜಿಲ್ಲೆ ಜಾಲಾಡಿದರೂ ಅಂಥ ಇನ್ನೊಂದು ಯಂತ್ರ ಸಿಗುವುದಿಲ್ಲ. ಇದರಲ್ಲಿ ಅರ್ಧ ಸುಳ್ಳು ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹುಲಿಗೆ ಯಾರೂ ಅಂಟಿಸಿ ನೋಡಿಲ್ಲ. ಗಾಳಿಗುಡ್ಡದ ಪಟವಿದ್ಯುತ್ ಯೋಜನೆಯ ಮುಖ್ಯಸ್ಥೆ ನೀಲಗಂಗಾ ಅಂಗಡಿಯ ಕೊರಳಿಗೆ ಅಂಟಿಸಿದ್ದು ಮಾತ್ರ ನಿಜ. ಅವಳ ಬಾಯಿಗೆ ಒಮ್ಮೆ ಸಿಕ್ಕವರು, ಎರಡಕ್ಕೂ ಏನು ದೊಡ್ಡ ವ್ಯತ್ಯಾಸ ಎಂದು ಕೇಳುತ್ತಾರೆ.

ಅಂಟಿಸಿದ ಮೊದಲ ದಿನ ಬೆಳಿಗ್ಗೆಯೇ ಫಕ್ಕೀರಪ್ಪ ಬಾರಕೇರ ಸಿಕ್ಕಿಬಿದ್ದ. ಅವನು ಯೋಜನೆಯ ಹಗ್ಗದ ಮೇಸ್ತ್ರಿ. ಐವತ್ತು ದಾಟಿದವನು, ಮೀಸೆಯನ್ನೂ ಹಗ್ಗದಂತೆಯೇ ಹುರಿಗೊಳಿಸಿ ಇಟ್ಟವನು. ಒಂದೂವರೆ ಕಿಲೋಮೀಟರು ಉದ್ದದ ಹಗ್ಗದ ಸುರುಳಿಯನ್ನು ಬಿಸಿಲಿಗೆ ಬಿಟ್ಟು ಚಹಾ ಕುಡಿಯಲು ಹೋಗಿದ್ದ. ನೀಲಗಂಗಾ ಕ್ಯಾಂಟೀನಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಕೂಗಿದಳು:

"ಲೇ ಫಕ್ಕೀರ, ನಿನ್ನ ತಲಿಯೊಳಗ ಮೆದುಳೈತೋ ಮಂಡಕ್ಕಿ ಐತೋ? ಬಿಸಿಲಿಗೆ ಒಣಗಿಸಾಕ ಅದೇನು ನಿಮ್ಮಪ್ಪನ ಧೋತರ ಏನಲೇ?"

ಅವಳು ಕೂಗಿದ್ದು ಇದು. ಕ್ಯಾಂಟೀನಿನಲ್ಲಿ ಕೂತವರಿಗೆ ಕೇಳಿಸಿದ್ದು ಬೇರೆ. ಧ್ವನಿ ಅವಳದೇ, ಆ ಒರಟು ಗಂಟಲೂ ಅವಳದೇ. ಮಾತು ಮಾತ್ರ ಹೀಗಿತ್ತು:

"ಫಕ್ಕೀರಪ್ಪನವರೇ, ತಮ್ಮ ಚಹಾ ಮುಗಿದ ಮೇಲೆ ಹಗ್ಗವನ್ನು ಒಂದಿಷ್ಟು ನೆರಳಿಗೆ ಸರಿಸುತ್ತೀರಾ? ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ."

ಫಕ್ಕೀರಪ್ಪನ ಕೈಯಿಂದ ಚಹಾದ ಬಸಿ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು, ದೆವ್ವ ಕಂಡವನ ಹಾಗೆ ಹಿಂದೆ ತಿರುಗಿ ತಿರುಗಿ ನೋಡುತ್ತ ಹಗ್ಗದ ಕಡೆಗೆ ಓಡಿದ. ಹಗ್ಗ ನೆರಳಿಗೆ ಬಂತು. ನೀಲಗಂಗಾಳಿಗೆ ಬಹಳ ಸಂತೋಷವಾಯಿತು. ಯಂತ್ರ ಕೆಲಸ ಮಾಡುತ್ತದೆ ಎಂದುಕೊಂಡಳು.

ಗಾಳಿಯಂತ್ರದ ಹಳೆಯ ಕಂಬಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದ್ದ ಕಾಲ ಅದು. ಕಂಬದ ತುದಿಯಲ್ಲಿ ಬೀಸುವ ಗಾಳಿಗಿಂತ ಅದರ ಹತ್ತರಷ್ಟು ಎತ್ತರದಲ್ಲಿ ಬೀಸುವ ಗಾಳಿಗೆ ಬಲ ಹೆಚ್ಚು, ವಿರಾಮ ಕಡಿಮೆ. ಅಷ್ಟು ಎತ್ತರದ ಕಂಬವನ್ನು ಯಾರು ನಿಲ್ಲಿಸಬೇಕು? ಅದಕ್ಕೇ ಗದಗಿನಿಂದ ಒಂದು ತಾಸು ದೂರದ ಗಾಳಿಗುಡ್ಡದ ಮೇಲೆ ಕಂಬದ ಬದಲು ಗಾಳಿಪಟ ಹಾರಿಸುವ ಯೋಜನೆ ಶುರುವಾಗಿತ್ತು. ಅರ್ಧ ಎಕರೆ ಅಗಲದ ಪಟ ಮೇಲೇರುತ್ತ ಹಗ್ಗವನ್ನು ಜಗ್ಗುತ್ತದೆ. ಹಗ್ಗ ಬಿಚ್ಚಿಕೊಳ್ಳುತ್ತ ನೆಲದ ಮೇಲಿನ ದೊಡ್ಡ ರಾಟೆಯನ್ನು ತಿರುಗಿಸುತ್ತದೆ. ರಾಟೆ ತಿರುಗಿದರೆ ವಿದ್ಯುತ್ತು. ಹಗ್ಗ ಮುಗಿದಾಗ ಪಟ ರೆಕ್ಕೆ ಮಡಿಚಿಕೊಳ್ಳುತ್ತದೆ, ರಾಟೆ ಅದನ್ನು ಸುಲಭವಾಗಿ ಕೆಳಕ್ಕೆ ಎಳೆದುಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಮಕ್ಕಳು ಮಾಳಿಗೆಯ ಮೇಲೆ ಆಡುವ ಆಟವೇ. ಒಂದಿಷ್ಟು ದೊಡ್ಡದು, ಅಷ್ಟೆ.

ಮೊದಲನೆಯ ಪಟ ಬಿದ್ದಿತ್ತು. ಎರಡನೆಯದೂ ಬಿದ್ದಿತ್ತು. ಮೂರನೆಯದಕ್ಕೆ ಗುಡ್ಡದ ಜನ ದೊಡ್ಡವ್ವ ಎಂದು ಹೆಸರಿಟ್ಟಿದ್ದರು. ನಲವತ್ತು ದಿನಗಳ ನಂತರ ದೊಡ್ಡವ್ವ ತಜ್ಞರ ಕಣ್ಣೆದುರು ಆರು ತಾಸು ಬೀಳದೆ ಹಾರಬೇಕು. ಬಿದ್ದರೆ ಯೋಜನೆಗೆ ಬೀಗ, ಗುಡ್ಡದ ಅರವತ್ತು ಜನ ಮನೆಗೆ, ನೀಲಗಂಗಾ ಹನ್ನೆರಡು ವರ್ಷ ನಿದ್ದೆಗೆಟ್ಟು ಬರೆದ ನಕ್ಷೆಗಳೆಲ್ಲ ಇಲಿಗಳಿಗೆ.

ಅವಳಿಗೆ ಗಾಳಿಯ ಜೊತೆ ವ್ಯವಹರಿಸಲು ಬರುತ್ತಿತ್ತು, ಮನುಷ್ಯರ ಜೊತೆ ಬರುತ್ತಿರಲಿಲ್ಲ. ಮೂರು ವರ್ಷದಲ್ಲಿ ಹನ್ನೊಂದು ಜನ ಕೆಲಸ ಬಿಟ್ಟಿದ್ದರು. ಅವರಲ್ಲೊಬ್ಬ ಚಪ್ಪಲಿ ಬಿಟ್ಟು ಓಡಿದ ಎನ್ನುವುದು ಸ್ವಲ್ಪ ಹೆಚ್ಚು ಮಾಡಿ ಹೇಳುವ ಮಾತು, ಹಾಕಿಕೊಂಡೇ ಓಡಿದ. ಕೇಂದ್ರ ಕಚೇರಿಯವರು ಅವಳನ್ನು ಜನರೊಂದಿಗೆ ಮಾತಾಡುವುದು ಹೇಗೆಂದು ಕಲಿಸುವ ಐದು ದಿನದ ಶಿಬಿರಕ್ಕೆ ಕಳಿಸಿದರು. ಮೂರನೆಯ ದಿನ ಕಲಿಸುವವನೇ ರಜೆ ಹಾಕಿದ. ಆಗ ಅಲ್ಲಿಯ ನಿರ್ದೇಶಕರು ಧಾರವಾಡದ ಧ್ವನಿವಿಜ್ಞಾನಿ ಡಾಕ್ಟರ್ ವಾದಿರಾಜ ಕಟ್ಟಿಯವರನ್ನು ಅವಳ ಹತ್ತಿರ ಅಟ್ಟಿದರು.

ಕಟ್ಟಿಯವರು ಮೇಜಿನ ಮೇಲೆ ಒಂದು ಬಿಳಿ ಬಿಲ್ಲೆ ಇಟ್ಟರು. ರೂಪಾಯಿ ನಾಣ್ಯದಷ್ಟು ಅಗಲ, ನಡುವೆ ಸಾಸಿವೆ ಕಾಳಿನಷ್ಟು ಹಸಿರು ದೀಪ.

"ಇದಕ್ಕ ಹದವಾಣಿ ಅಂತ ಹೆಸರ ಇಟ್ಟೀನ್ರಿ," ಎಂದರು. "ಕೊರಳಿಗೆ ಹಚ್ಕೋಬೇಕು. ನಿಮ್ಮ ಮಾತು ಬಾಯಿಂದ ಹೊರಗ ಬೀಳೂದರೊಳಗ ಇದು ಗಂಟಲಿನ ನಡುಕ ಓದಿ ತಿಳ್ಕೋತದ."

"ತಿಳ್ಕೊಂಡು ಏನು ಮಾಡ್ತೈತಿ?"

"ಎರಡು ಕೆಲಸ. ಮದಲನೇದು, ನಿಮ್ಮ ಧ್ವನಿ ಅಳಸತದ. ಶಬ್ದ ಅಂದ್ರ ಅಲಿ. ಏರಿದ ಅಲಿ ಮ್ಯಾಲ ಅಷ್ಟೇ ಇಳದ ಅಲಿ ತಂದಿಟ್ರ ಎರಡೂ ಸಪಾಟು. ಎರಡನೇದು, ಅದೇ ಮಾತು ಸವರಿ, ನಯಾ ಮಾಡಿ, ನಿಮ್ಮದೇ ಧ್ವನಿಯೊಳಗ ಮುಂದಕ್ಕ ಬಿಡತದ."

"ನನಗ ಏನು ಕೇಳಿಸ್ತೈತಿ?"

"ನೀವು ಆಡಿದ್ದೇ ಕೇಳಸತದ, ತಲಿಬುರುಡಿ ಎಲುಬಿನಿಂದ. ಆದ್ರ ಒಂದ ಶರತ್ತು ನೋಡ್ರಿ. ಎರಡು ತಿಂಗಳು ಯಾರ ಮುಂದೂ ಹೇಳೂಹಂಗಿಲ್ಲ. ಹೇಳಿದ್ರ ಮಂದಿ ಮಾತು ಬಿಟ್ಟು ಮಾತಿನ ಹಿಂದಿನ ಮಾತು ಹುಡುಕ್ತಾರ. ಪ್ರಯೋಗ ಕೆಟ್ಟು ಹೋಗತದ."

"ಹೇಳಾಕ ನನಗೇನು ಹುಚ್ಚು ಹಿಡದೈತೇನ್ರಿ?" ಎಂದಳು ನೀಲಗಂಗಾ. ನಾಲಿಗೆಗೆ ಲಗಾಮು ಹಾಕಿಸಿಕೊಂಡೆನೆಂದು ಊರಿಗೆಲ್ಲ ಸಾರುವಷ್ಟು ಸಣ್ಣ ಮನುಷ್ಯಳು ಅವಳಲ್ಲ. ಬಿಲ್ಲೆ ಅಂಟಿಸಿಕೊಂಡಳು.

ವಾರ ಕಳೆದದ್ದೇ ಕ್ಯಾಂಟೀನಿನಲ್ಲಿ ಒಂದು ದೊಡ್ಡ ಸಭೆಯೇ ನಡೆದುಹೋಯಿತು. ಅಲ್ಲಿ ಏನೇನು ಮಾತಾಯಿತು ಎಂಬುದು ನೀಲಗಂಗಾಳಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಕೇಳುವವರು ಈಗಲೇ ಕೇಳಿಬಿಡುವುದು ಒಳ್ಳೆಯದು.

ಅಡುಗೆಯ ಪಾರವ್ವ ಮೊದಲು ಬಾಯಿ ತೆರೆದಳು. "ಇದು ಸಿಟ್ಟು ನೋಡ್ರಿ. ನಮ್ಮತ್ತಿ ನನ್ನ ಮ್ಯಾಲ ಸಿಟ್ಟಾದ್ರ 'ಪಾರ್ವತಿಬಾಯಾರ, ಉಣ್ಣಾಕ ಬರ್ರಿ' ಅಂತಿದ್ಲು. ನಮ್ಮವರು ಮರ್ಯಾದಿ ಕೊಟ್ಟು ಮಾತಾಡಿದ್ರಂದ್ರ ಬಾಗ್ಲಾ ಹಾಕ್ಕೊಂಡಂಗ."

"ಸಿಟ್ಟಾದ್ರ ಒಂದಿನ, ಎರಡು ದಿನ," ಎಂದಳು ಪಟದ ಬಟ್ಟೆ ಹೊಲಿಯುವವರ ಮುಖ್ಯಸ್ಥೆ ದಾವಲಬಿ ನದಾಫ. "ಇವತ್ತಿಗೆ ಎಂಟು ದಿನಾತು. ಮೇಡಮ್ಮಾರ ಮಾರಿ ನೋಡಿರೇನು? ಮಾತು ಜೇನುತುಪ್ಪ. ಮಾರಿ ಮಾತ್ರ ಹೊಟ್ಟಿಯೊಳಗ ಯಾರೋ ಚೂರಿ ಆಡಿಸಿದಂಗ ಕಿವುಚ್ತಾರ. ಕಣ್ಣು ಕೆಂಪಗ. ಕೊರಳ ನರ ಬೆರಳಿನಷ್ಟು ದಪ್ಪ. ಅದು ನೋವು! ನೋವು ತಡ್ಕೊಂಡು ನಮಗ ಸಿಹಿ ಮಾತಾಡಾಕತ್ತಾರ."

ಪಾರವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನಮ್ಮ ಮಾವ ಹಿಂಗ ಇದ್ದ," ದಾವಲಬಿ ಮುಂದುವರಿಸಿದಳು. "ಜೀವಮಾನದಾಗ ಒಂದು ಒಳ್ಳೆ ಮಾತಾಡಿದಾಂವ ಅಲ್ಲ. ಕಡೀ ತಿಂಗಳು ನನಗ 'ಬೇಟಿ' ಅಂದ. ಅವತ್ತ ನನಗ ತಿಳೀತು."

ಫಕ್ಕೀರಪ್ಪ ಮೀಸೆಯಿಂದ ಕೈ ತೆಗೆದ. "ಮತ್ತ ಆ ಕೊರಳಾಗಿನ ಬಿಲ್ಲಿ? ಹಸರು ದೀಪ?"

"ಅದಕ್ಕ ಹೇಳಾಕತ್ತಿದ್ದು! ಶುಕ್ರವಾರಕ್ಕೊಮ್ಮೆ ಧಾರವಾಡದಿಂದ ಬರ್ತಾನಲ್ಲ ಕನ್ನಡಕದಾಂವ, ಬಾಗ್ಲಾ ಹಾಕ್ಕೊಂಡು ಕೊರಳು ನೋಡ್ತಾನ. ಏನೇನೋ ಬರಕೋತಾನ. ಹೊರಗ ಬಂದು ನಕ್ಕೋತ ಹೋಗ್ತಾನ."

"ನಕ್ಕೋತ ಹೋದ್ರ ಚಲೋ ಅಲ್ಲೇನಬೇ?"

"ಏ ಫಕ್ಕೀರಣ್ಣ, ನಿನಗೇನು ಗೊತ್ತಾಗ್ತೈತಿ? ಆಸೆ ಇದ್ರ ಡಾಕ್ಟರು ಗಂಭೀರ ಇರ್ತಾರ. ಕೈಬಿಟ್ಟ ಮ್ಯಾಲೇ ನಕ್ಕೋತ ಧೈರ್ಯ ಹೇಳೋದು."

ಕಟ್ಟಿಯವರಿಗೆ ನೆಗಡಿಗೆ ಮಾತ್ರೆ ಕೊಡಲೂ ಬರುವುದಿಲ್ಲ ಎಂದು ಹೇಳಲು ಅಲ್ಲಿ ಯಾರಿದ್ದರು? ಪಾರವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ನೀಲಗಂಗಾ ಅಂಗಡಿಗೆ ಇನ್ನೆರಡು ತಿಂಗಳು, ಹೆಚ್ಚೆಂದರೆ ಮೂರು ಎಂದು ಆ ಸಭೆ ತೀರ್ಮಾನಿಸಿಬಿಟ್ಟಿತು. ಯಾರೂ ಅವಳ ಮುಂದೆ ಈ ಮಾತು ಎತ್ತಬಾರದು ಎಂದೂ ಗೊತ್ತುಮಾಡಿತು.

ಆ ಸೀಮೆಯಲ್ಲಿ ಹಾಸಿಗೆ ಹಿಡಿದವರಿಗೆ ಕೆಟ್ಟ ಸುದ್ದಿ ಮುಟ್ಟಿಸುವುದು ಪಾಪ. ಎಮ್ಮೆ ಸತ್ತಿದ್ದರೂ "ಹಾಲು ಚಲೋ ಕೊಡಾಕತ್ತೈತ್ರಿ" ಎನ್ನಬೇಕು. ಗೋಡೆ ಕುಸಿದಿದ್ದರೂ "ಸುಣ್ಣ ಹಚ್ಚಿಸೀವ್ರಿ" ಎನ್ನಬೇಕು. ಹೋಗಿ ನೋಡಿ ಬರಬೇಕು, ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕು, ಬಾಯಿಗೆ ಏನು ರುಚಿಸುತ್ತದೆ ಎಂದು ಕೇಳಬೇಕು. ಗುಡ್ಡದ ಜನ ಒಂದನ್ನೂ ತಪ್ಪಿಸಲಿಲ್ಲ.

ಮರುದಿನದಿಂದ ನೀಲಗಂಗಾಳ ಮೇಜಿನ ಮೇಲೆ ದಾಳಿಂಬೆ, ಬ್ರೆಡ್ಡು, ಎಳನೀರು. ಅವಳು ರಾಟೆಯ ಹತ್ತಿರ ನಿಂತರೆ ಹಿಂದಿನಿಂದ ಯಾರೋ ಕುರ್ಚಿ ತಂದಿಡುತ್ತಿದ್ದರು. ಬಿಸಿಲಿಗೆ ಹೋದರೆ ಕೊಡೆ ಹಿಡಿಯುತ್ತಿದ್ದರು. ಪಾರವ್ವ ಬಂದು ಸೆರಗಿನ ತುದಿ ಹಿಂಡುತ್ತ ಕೇಳಿದಳು, "ಮೇಡಮ್ಮಾರ, ಏನರ ತಿನ್ನಬೇಕು ಅನಸ್ತೈತೇನ್ರಿ? ಏನರ ಆಸೆ ಉಳದೈತೇನ್ರಿ?"

"ನನ್ನ ತಲಿ ತಿನ್ನಬ್ಯಾಡ, ನಡಿ, ಒಲಿ ಮ್ಯಾಲ ಸಾರು ಹೊತ್ತಾಕತ್ತೈತಿ!" ಎಂದು ನೀಲಗಂಗಾ ಚೀರಿದಳು.

"ನಿಮ್ಮ ಈ ಅಕ್ಕರೆಯೇ ನನಗೆ ಹೊಟ್ಟೆ ತುಂಬಿಸುತ್ತದೆ, ಪಾರ್ವತಿಯವರೇ. ನೀವು ಆರಾಮವಾಗಿರಿ," ಎಂದಿತು ಹದವಾಣಿ.

ಪಾರವ್ವ ಅಡುಗೆಮನೆ ಸೇರುವವರೆಗೂ ತಡೆದುಕೊಂಡಳು. ಆಮೇಲೆ ಸಾರಿಗೆ ಉಪ್ಪು ಹಾಕುವ ಅಗತ್ಯ ಬೀಳಲಿಲ್ಲ. ಸಂಜೆಗೆ ಒಂದು ಪಾತ್ರೆ ಗೋಧಿ-ಬೆಲ್ಲದ ಮಾದಲಿ ಮಾಡಿ ಕಳಿಸಿದಳು, ತುಪ್ಪ ಮೇಲೆ ತೇಲುವಷ್ಟು.

ನೀಲಗಂಗಾಳಿಗೆ ಇದೇನೆಂದು ತಿಳಿಯಲಿಲ್ಲ, ಆದರೆ ಬೇಡವೆನ್ನಿಸಲೂ ಇಲ್ಲ. ಅವಳು ಊಟ ಮಾಡಿದಳೋ ಇಲ್ಲವೋ ಎಂದು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಮಾದಲಿಯನ್ನು ಅವಳು ಬಾಗಿಲು ಮುಚ್ಚಿಕೊಂಡು ಕಡೆಯ ಕಾಳಿನವರೆಗೆ ತಿಂದಳು. ಶುಕ್ರವಾರ ಕಟ್ಟಿಯವರು ಬಂದು ಒಂದು ನಕ್ಷೆ ಬಿಡಿಸಿ ಹಾಸಿದರು. ಗೆರೆ ಗುಡ್ಡದ ನೆತ್ತಿಯಿಂದ ಬಾವಿಯ ತಳಕ್ಕೆ ಇಳಿದಂತಿತ್ತು.

"ಅಸಮಾಧಾನದ ಪ್ರಮಾಣ ನೋಡ್ರಿ. ಹಿಂದ ದಿನಕ್ಕ ಇಪ್ಪತ್ತು ತಕರಾರು ಬರ್ತಿದ್ವು. ಈ ವಾರ ಸೊನ್ನಿ! ಇಡೀ ಜಗತ್ತಿನೊಳಗ ಯಾ ಯೋಜನಾದಾಗೂ ಹಿಂಗ ಆಗಿಲ್ಲ."

"ಅಂದ್ರ ನಾನು ಸುಧಾರಿಸೀನಿ ಅನ್ರಿ."

"ನೀವೇನ್ರಿ, ನಿಮ್ಮ ಮಂದಿನೂ ಸುಧಾರಿಸ್ಯಾರ!" ಎಂದು ಕಟ್ಟಿಯವರು ನಗುತ್ತ ಹೊರಬಿದ್ದರು. ಆ ನಗು ಕಂಡು ಹೊಲಿಗೆಯ ಕೊಠಡಿಯಲ್ಲಿ ಇಬ್ಬರು ಅತ್ತರು.

ಇಪ್ಪತ್ತಾರನೆಯ ದಿನ ಫಕ್ಕೀರಪ್ಪನ ಕಣ್ಣಿಗೆ ಒಂದು ಸಂಗತಿ ಬಿತ್ತು. ಆ ಹಗ್ಗದ ನೂಲು ಉಕ್ಕಿಗಿಂತ ಗಟ್ಟಿ, ನೀರಿನ ಮೇಲೆ ತೇಲುವಷ್ಟು ಹಗುರ; ಅದು ಹೆದರುತ್ತಿದ್ದುದು ಬಿಸಿಗೆ ಮಾತ್ರ. ರಾಟೆಯ ಒಂದು ಪಕ್ಕ ಎಲ್ಲೋ ತಿಕ್ಕಿ ಕಾದು, ನಾನೂರು ಮೀಟರಿನ ಹತ್ತಿರ ಎಳೆಗಳು ಕರಗಿ ಗಾಜಿನಂತೆ ಬಿರುಸಾಗಿದ್ದವು. ಮೊಳದುದ್ದದ ಜಾಗ. ಅಷ್ಟು ಸಾಕು. ಗಾಳಿ ಜೋರಾದಾಗ ಅಲ್ಲಿ ಹರಿದರೆ ಅರ್ಧ ಎಕರೆಯ ಪಟ ಸಾವಿರ ಮೀಟರು ಹಗ್ಗವನ್ನು ಬಾಲದಂತೆ ಎಳೆದುಕೊಂಡು ಗುಡ್ಡದ ಕೆಳಗಿನ ಊರುಗಳ ಮೇಲೆ ಬೀಳುತ್ತದೆ. ಹೊಸ ಹಗ್ಗ ಹೆಣೆಯಲು ಇಪ್ಪತ್ತು ದಿನ ಬೇಕು. ಉಳಿದದ್ದು ಹದಿನಾಲ್ಕು.

ಹಿಂದಿನ ಫಕ್ಕೀರಪ್ಪನಾಗಿದ್ದರೆ ಓಡಿ ಬಂದು ನೀಲಗಂಗಾಳ ಮುಂದೆ ನಿಂತು, ಎರಡು ಮಾತು ಬೈಸಿಕೊಂಡು, ನಾಲ್ಕು ಮಾತು ತಿರುಗಿ ಆಡಿ, ಇಬ್ಬರೂ ಸೇರಿ ದಾರಿ ಹುಡುಕುತ್ತಿದ್ದರು. ಈಗ ಅವನು ದಾವಲಬಿಯ ಹತ್ತಿರ ಹೋದ.

"ಹೇಳಬೇಕಲ್ಲಬೇ," ಎಂದ.

"ಹೆಂಗ ಹೇಳ್ತಿ? ಆ ಪಟ ಹಾರೋದೊಂದ ಕಾಯಾಕತ್ತೈತಿ ಆ ಜೀವ. ಆಗೂದಿಲ್ಲ ಅಂದ್ರ ಇವತ್ತ ಎದಿ ಒಡಕೋತಾರ."

"ಹಗ್ಗ ಹರದ್ರ?"

"ಅಷ್ಟು ದೂರ ಮ್ಯಾಲ ಕವಚ ಹೊಲದು ಕೊಡ್ತೀನಿ. ಎರಡು ಪದರ, ಬಿಗಿಯಾಗಿ. ನಿಂದ್ರತೈತೇನು ನೋಡೂಣು."

ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಿಲ್ಲಬಹುದು ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಹೀಗೆಯೇ ಉಳಿದವರೂ ಒಬ್ಬೊಬ್ಬರು ಒಂದೊಂದು ಕೆಟ್ಟ ಸುದ್ದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನಗುನಗುತ್ತ ಓಡಾಡುತ್ತಿದ್ದರು.

ಪರೀಕ್ಷೆಗೆ ಎರಡು ದಿನ ಉಳಿದಾಗ ನೀಲಗಂಗಾ ತಿಂಗಳ ವರದಿಗಳನ್ನೆಲ್ಲ ಎದುರಿಗೆ ಹರವಿಕೊಂಡು ಕೂತಳು. ರಾಟೆ: ಆರಾಮ. ಹೊಲಿಗೆ: ಆರಾಮ. ಹಗ್ಗ: ಬಂಗಾರದಂಥ ಹಗ್ಗ. ಅವಳು ಆ ಸಾಲನ್ನು ಮೂರು ಸಲ ಓದಿದಳು. ಮೂರು ವರ್ಷದಲ್ಲಿ ಫಕ್ಕೀರಪ್ಪ ಹಗ್ಗವನ್ನು ಹೊಗಳಿದ್ದೇ ಇಲ್ಲ. ಹೊಸ ಹಗ್ಗ ಬಂದ ದಿನವೂ "ಏನೋ ಐತ್ರಿ, ನೋಡೂಣು" ಎಂದು ಮೂಗು ಮುರಿದವನು. ಯಾವ ಯಂತ್ರವೂ ಮೂವತ್ತೆಂಟು ದಿನ ಒಂದೇ ಒಂದು ತೊಂದರೆ ಕೊಡದೆ ನಡೆಯುವುದಿಲ್ಲ; ಅದು ಅವಳಿಗೆ ಗೊತ್ತಿದ್ದ ವಿಜ್ಞಾನ. ಸಿಹಿ ತಿಂದು ತಿಂದು ಅದನ್ನೇ ಮರೆತಿದ್ದಳು. ಎದ್ದು ಹಗ್ಗದ ಕೊಟ್ಟಿಗೆಗೆ ನಡೆದಳು.

ಫಕ್ಕೀರಪ್ಪ ನಾನೂರು ಮೀಟರಿನ ಜಾಗದ ಮೇಲೆಯೇ ಕೂತಿದ್ದ, ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ.

"ಹಗ್ಗ ಹೆಂಗೈತಿ?"

"ಬಂಗಾರ ಐತ್ರಿ ಮೇಡಮ್ಮಾರ. ನೀವು ಬಿಸಿಲಾಗ ನಿಂದ್ರಬ್ಯಾಡ್ರಿ."

"ಸುಳ್ಳು ಬೊಗಳ್ತೀಯೇನಲೇ? ಏಳು, ಅದರ ಮ್ಯಾಲಿಂದ ಏಳು! ಹಗ್ಗ ಹರದ್ರ ಕೆಳಗ ಮಂದಿ ಸಾಯ್ತಾರ!"

"ನಿಮ್ಮ ಮಾತಿನಲ್ಲಿ ನನಗೆ ಪೂರ್ತಿ ವಿಶ್ವಾಸವಿದೆ, ಫಕ್ಕೀರಪ್ಪನವರೇ. ವಿಶ್ರಾಂತಿ ತೆಗೆದುಕೊಳ್ಳಿ," ಎಂದಿತು ಹದವಾಣಿ.

ಫಕ್ಕೀರಪ್ಪನ ಕಣ್ಣಿಂದ ದಳದಳ ನೀರು ಇಳಿಯಿತು. ನೀಲಗಂಗಾ ಇನ್ನೂ ಜೋರಾಗಿ ಕೂಗಿದಳು. ಅವಳು ಕೂಗಿದಷ್ಟೂ ಅವನು ಅತ್ತ, ಅವನು ಅತ್ತಷ್ಟೂ ಅವಳು ಕೂಗಿದಳು. ತನ್ನ ಬಾಯಿಂದ ಹೊರಟದ್ದಕ್ಕೂ ಅವನ ಮುಖಕ್ಕೂ ತಾಳವೇ ಇಲ್ಲ ಎಂಬುದು ಆಗ ಅವಳ ಕಣ್ಣಿಗೆ ಹೊಡೆಯಿತು. ಬೈದರೆ ಮನುಷ್ಯ ಸಿಟ್ಟಾಗಬೇಕು. ಇವನು ಹೆಣ ನೋಡಿದವನ ಹಾಗೆ ಅಳುತ್ತಿದ್ದಾನೆ.

ಅವಳು ಕೊರಳಿಗೆ ಕೈ ಹಾಕಿ ಬಿಲ್ಲೆಯನ್ನು ಚರ್ಮ ಕೀಳುವಂತೆ ಕಿತ್ತು ಎಸೆದಳು.

"ಏಳಲೇ ಹಗ್ಗಗೇಡಿ! ಏನು ಮುಚ್ಚಿಟ್ಟೀಯೋ ತೋರಿಸು, ಇಲ್ಲಂದ್ರ ನಿನ್ನ ಮೀಸಿನ ರಾಟಿಗೆ ಸುತ್ತತೀನಿ!"

ಆ ದನಿಗೆ ಕೊಟ್ಟಿಗೆಯ ತಗಡು ಅದುರಿತು. ಗುಡ್ಡದ ಕೆಳಗೆ ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು. ಫಕ್ಕೀರಪ್ಪ ಧಡಕ್ಕನೆ ಎದ್ದು ನಿಂತ. ಆಮೇಲೆ ಎರಡೂ ಕೈ ಮೇಲೆತ್ತಿ ಹೊರಕ್ಕೆ ಓಡಿದ.

"ದಾವಲಬೀ! ಪಾರವ್ವಾ! ಮೇಡಮ್ಮಾರಿಗೆ ಆರಾಮಾತು! ಬೈದ್ರು! ನನಗ ಬೈದ್ರು! ನಮ್ಮಪ್ಪನಾಣಿ, ಮೀಸಿತನಕ ಬೈದ್ರು!"

ಅರವತ್ತು ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಪಾರವ್ವ ಸಕ್ಕರೆ ಡಬ್ಬಿ ತಂದು ಸಿಕ್ಕವರ ಬಾಯಿಗೆಲ್ಲ ಹಾಕಿದಳು. ದಾವಲಬಿ ನೀಲಗಂಗಾಳ ಕೆನ್ನೆ ಸವರಿ ನೆಟಿಕೆ ಮುರಿದಳು. ನಡುವೆ ನಿಂತ ನೀಲಗಂಗಾ "ಏನಾಗೈತಿ ನಿಮಗ? ಎಲ್ಲಾರಿಗೂ ಹುಚ್ಚು ಹಿಡದೈತೇನು?" ಎಂದಷ್ಟೂ ಜನ ಚಪ್ಪಾಳೆ ತಟ್ಟಿದರು.

ಬಿಲ್ಲೆಯ ಕಥೆ ಅವಳು ಹೇಳಿದಳು. ಕ್ಯಾಂಟೀನಿನ ಕಥೆ ಅವರು ಹೇಳಿದರು.

"ನಾ ಸಾಯ್ತೀನಂತ ಅತ್ರೇನು?" ನೀಲಗಂಗಾ ಕೇಳಿದಳು. "ಇಷ್ಟೆಲ್ಲಾ ಬೈಸ್ಕೊಂಡು?"

"ಯಾಕ, ಅಳಬಾರದಿತ್ತೇನು?" ಎಂದಳು ದಾವಲಬಿ. "ಎರಡನೇ ಪಟ ಬಿದ್ದಾಗ ಹೊಲಿಗಿ ಬಿಚ್ಚಿದ್ದು ನಂದು. ನನಗ ಮೂರು ದಿನ ಬೈದ್ರಿ. ಆದ್ರ ಮ್ಯಾಲಿನವರು ಕೇಳಿದಾಗ ನನ್ನ ಹೆಸರ ಹೇಳಲಿಲ್ಲ. ನಕ್ಷಾ ನಂದು, ತಪ್ಪು ನಂದು ಅಂದ್ರಿ. ಅದು ನಮಗ ಗೊತ್ತಿಲ್ಲಂತ ತಿಳದೀರೇನು?" ಅವಳೇ ಸೇರಿಸಿದಳು, "ಹಂಗಂತ ಹಿಗ್ಗಬ್ಯಾಡ್ರಿ. ಬಿಟ್ಟು ಹೋದ್ರಲ್ಲ ಹನ್ನೊಂದು ಮಂದಿ, ಅವರೇನು ಕೆಟ್ಟವರಲ್ಲ. ಎಲ್ಲಾರಿಗೂ ನಮ್ಮಂಗ ಎಮ್ಮಿ ಚರ್ಮ ಇರೂದಿಲ್ಲ."

ನೀಲಗಂಗಾ ನೆಲದ ಮೇಲೆಯೇ ಕೂತಳು. "ಹೇಳ್ರಿ," ಎಂದಳು. "ಏನೇನು ಕೆಟ್ಟೈತಿ, ಒಬ್ಬೊಬ್ಬರ ಹೇಳ್ರಿ. ನಾ ನಡುವ ಬಾಯಿ ಹಾಕೂದಿಲ್ಲ."

"ಅದು ನಿಮ್ಮ ಕಡಿಯಿಂದ ಆಗೂ ಕೆಲಸ ಅಲ್ಲ," ಎಂದು ಪಾರವ್ವ ಒಳಗೆ ಹೋಗಿ ಅಂಟು ಬೆಲ್ಲದ ಒಂದು ದೊಡ್ಡ ಉಂಡೆ ತಂದಳು. "ಇದನ್ನ ದವಡ್ಯಾಗ ಇಟ್ಕೊರ್ರಿ. ಕರಗೂತನಕ ಬಾಯಿ ತೆಗೀಬ್ಯಾಡ್ರಿ. ಕಡಿಯೂಹಂಗಿಲ್ಲ ಮತ್ತ!"

ಬಾಯಿಯ ತುಂಬ ಬೆಲ್ಲ ಇಟ್ಟುಕೊಂಡು ಯೋಜನೆಯ ಮುಖ್ಯಸ್ಥೆ ಮೂವತ್ತೇಳು ಕೆಟ್ಟ ಸುದ್ದಿ ಕೇಳಿದಳು. ಫಕ್ಕೀರಪ್ಪನ ಸುಟ್ಟ ಹಗ್ಗ ಮೊದಲನೆಯದು. ಅವಳ ಕಣ್ಣು ಅರಳಿದವು, ಮೂಗು ಉಬ್ಬಿತು, ಮುಷ್ಟಿ ಎರಡು ಸಲ ನೆಲಕ್ಕೆ ಬಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಮೂವತ್ತೇಳು ಸುದ್ದಿಗೆ ಐದು ಉಂಡೆ ಬೆಲ್ಲ ಖರ್ಚಾಯಿತು. ನಡುವೆ ವಿಚಿತ್ರವೊಂದು ನಡೆಯಿತು: ಒಬ್ಬ ತೊಂದರೆ ಹೇಳಿ ಮುಗಿಸಿದಾಗ ಮುಖ್ಯಸ್ಥೆಯ ಬಾಯಿ ಕಟ್ಟಿತ್ತಾದ್ದರಿಂದ ಇನ್ನೊಬ್ಬರು ಉಪಾಯ ಹೇಳತೊಡಗಿದರು. ರಾಟೆ ಯಾಕೆ ಕಾಯುತ್ತದೆಂದು ಹೊಲಿಗೆಯವಳೊಬ್ಬಳು ಹೇಳಿದಳು. ತನ್ನ ಹೊಲಿಗೆ ಯಂತ್ರದ ಉರುಳೆ ವಾಲಿದಾಗ ದಾರವೂ ಅಲ್ಲೇ ಸುಡುತ್ತದಂತೆ. ಹೋಗಿ ನೋಡಿದರೆ ರಾಟೆಯೂ ಕೂದಲೆಳೆಯಷ್ಟು ವಾಲಿತ್ತು.

ಮೂವತ್ತಾರು ತೊಂದರೆಗಳಿಗೆ ದಾರಿ ಸಿಕ್ಕಿತು. ಹಗ್ಗಕ್ಕೆ ಮಾತ್ರ ಇಪ್ಪತ್ತು ದಿನವೇ ಬೇಕಿತ್ತು.

ಶುಕ್ರವಾರವಾದ್ದರಿಂದ ಕಟ್ಟಿಯವರು ಅಷ್ಟರಲ್ಲಿ ಬಂದು, ಮಣ್ಣಿನಲ್ಲಿ ಬಿದ್ದಿದ್ದ ಬಿಲ್ಲೆಯನ್ನು ಎತ್ತಿಕೊಂಡು, ಮಗುವಿನ ಮೂಗು ಒರೆಸಿದಂತೆ ಒರೆಸುತ್ತಿದ್ದರು.

"ನಿರ್ದೇಶಕರಿಗೆ ಫೋನ್ ಮಾಡ್ಬೇಕು," ಎಂದಳು ನೀಲಗಂಗಾ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿರ್ದೇಶಕರ ಬಾಯಿ ಎಂದರೆ ನೀಲಗಂಗಾಳ ಬಾಯಿಗೆ ಅಣ್ಣ. ಬೆಂಗಳೂರಿನಲ್ಲಿ ಅವರು ಸಿಟ್ಟಾದರೆ ಗದಗಿಗೆ ಫೋನೇ ಬೇಕಿಲ್ಲ ಎನ್ನುತ್ತಿದ್ದರು. ಪರೀಕ್ಷೆ ಮುಂದೂಡಿದವರ ಯೋಜನೆಯನ್ನೇ ಅವರು ಮುಚ್ಚಿದ ಉದಾಹರಣೆ ಎರಡಿದ್ದವು.

"ಹದವಾಣಿ ಹಚ್ಕೊಂಡು ಮಾತಾಡ್ರಿ," ಕಟ್ಟಿಯವರು ಬೇಡಿಕೊಂಡರು. "ಇವತ್ತೊಂದ ದಿನ."

"ಬ್ಯಾಡ್ರಿ. ಸಕ್ಕರಿಯೊಳಗ ಹಗ್ಗದ ಸುದ್ದಿ ಮುಳುಗಿ ಹೋಗ್ತೈತಿ."

ಎಲ್ಲರೂ ಕೇಳಲೆಂದು ಅವಳು ಫೋನಿನ ಸದ್ದು ದೊಡ್ಡದು ಮಾಡಿದಳು. ಕೂಗಲಿಲ್ಲ, ಸವರಲೂ ಇಲ್ಲ.

"ಸರ್, ಹಗ್ಗ ಸುಟ್ಟೈತಿ. ನಾಡದು ಹಾರಿಸಿದ್ರ ಹರೀತೈತಿ, ಕೆಳಗ ಊರದಾವು. ನನಗ ತಿಳೀಲಿಲ್ಲ, ಯಾಕಂದ್ರ ನನ್ನ ಮಂದಿ ನನಗ ಹೇಳೂಹಂಗ ನಾ ಇರಲಿಲ್ಲ. ತಪ್ಪು ನಂದು. ಇಪ್ಪತ್ತು ದಿನ ಬೇಕು."

ಆ ಕಡೆ ಏನೋ ಗುಡುಗುವಂಥ ಉಸಿರು ಕೇಳಿಸಿತು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಆಮೇಲೆ ನಿರ್ದೇಶಕರ ಧ್ವನಿ ಬಂತು:

"ನೀಲಗಂಗಾ ಅವರೇ, ನಿಮ್ಮ ಪ್ರಾಮಾಣಿಕತೆ ನನ್ನ ಮನಸ್ಸು ತಟ್ಟಿತು. ಇಪ್ಪತ್ತಲ್ಲ, ನಿಮಗೆ ಬೇಕಾದಷ್ಟು ದಿನ ತೆಗೆದುಕೊಳ್ಳಿ. ನಿಮ್ಮಂಥವರು ನಮ್ಮ ಸಂಸ್ಥೆಯ ಆಸ್ತಿ."

ಫಕ್ಕೀರಪ್ಪ ಕುಣಿಯಲು ಕಾಲೆತ್ತಿದ. ಪಾರವ್ವ ಮತ್ತೆ ಸಕ್ಕರೆ ಡಬ್ಬಿಗೆ ಕೈಹಾಕಿದಳು. ನೀಲಗಂಗಾ ಮಾತ್ರ ನಿಧಾನವಾಗಿ ಕಟ್ಟಿಯವರ ಕಡೆಗೆ ತಿರುಗಿದಳು. ಕಟ್ಟಿಯವರು ತಮ್ಮ ಚಪ್ಪಲಿಯ ತುದಿಯನ್ನು ಪರೀಕ್ಷಿಸುತ್ತಿದ್ದರು.

"ಕಟ್ಟಿಯವರ?"

"ಹೋದ ವಾರ್ರಿ," ಎಂದರು ಅವರು ಬಹಳ ಸಣ್ಣಗೆ. "ನಿಮ್ಮ ಸೊನ್ನಿ ತಕರಾರಿನ ನಕ್ಷಾ ನೋಡಿ ಅವರೂ ಒಂದು ಹದವಾಣಿ ಕೇಳಿದ್ರು."

ಕಾಲೆತ್ತಿದ್ದ ಫಕ್ಕೀರಪ್ಪ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟ. ಫೋನು ಅವಳ ಕೈಯಲ್ಲಿತ್ತು. ಸುಮ್ಮನೆ "ಥ್ಯಾಂಕ್ಯೂ ಸರ್" ಎಂದು ಇಟ್ಟುಬಿಟ್ಟಿದ್ದರೆ ಇಪ್ಪತ್ತು ದಿನ ಕೈಯಲ್ಲಿರುತ್ತಿತ್ತು. ಆಡಿದ ಮಾತು ಆಡಿದ್ದೇ, ಅರವತ್ತು ಸಾಕ್ಷಿ ಇದ್ದರು. ದಾವಲಬಿ ಹಾಗೇ ಮಾಡು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ನೀಲಗಂಗಾ ಹಗ್ಗದ ಸುಟ್ಟ ಜಾಗವನ್ನು ಒಮ್ಮೆ ನೋಡಿದಳು, ಫೋನಿನ ಸದ್ದು ಸಣ್ಣದು ಮಾಡಿ ಕಿವಿಗೆ ಹಚ್ಚಿಕೊಂಡಳು.

"ಸರ್, ಕೊರಳಾಗಿಂದು ತೆಗದು ಇನ್ನೊಮ್ಮೆ ಹೇಳ್ರಿ," ಎಂದಳು. "ನಿಮ್ಮ ಮಾತು ನಿಮ್ಮ ಬಾಯಿಂದ ಕೇಳ್ಬೇಕು. ಬೈದ್ರೂ ನಡೀತೈತಿ."

ಆ ಕಡೆಯಿಂದ ಏನೋ ಚರ್ರನೆ ಕಿತ್ತ ಸದ್ದು ಬಂತು. ಅಷ್ಟು ಮಾತ್ರ ಹತ್ತಿರ ನಿಂತಿದ್ದ ಫಕ್ಕೀರಪ್ಪನಿಗೂ ಕೇಳಿಸಿತು.

ನಿರ್ದೇಶಕರು ಮಾತಾಡಿದ್ದು ಒಂದು ನಿಮಿಷಕ್ಕೂ ಕಡಿಮೆ. ಆ ಒಂದು ನಿಮಿಷದಲ್ಲಿ ನೀಲಗಂಗಾ ಫೋನನ್ನು ಒಮ್ಮೆ ಮೊಳ ದೂರ ಹಿಡಿದಳು, ಒಮ್ಮೆ ಗಟ್ಟಿಯಾಗಿ ನಕ್ಕಳು, ಕಡೆಗೆ ಅಂಗೈಯಿಂದ ಕಣ್ಣೊರೆಸಿಕೊಂಡು "ಆತ್ರಿ ಸರ್" ಎಂದಳು. ಫೋನು ಇಟ್ಟವಳೇ, "ಫಕ್ಕೀರಪ್ಪ, ನೂಲು ತೆಗಿ, ಇವತ್ತ ಹಗ್ಗ ಶುರು ಮಾಡು," ಎಂದಳು.

ಇಪ್ಪತ್ತೊಂದನೆಯ ದಿನ ದೊಡ್ಡವ್ವ ಏರಿತು. ಆರು ತಾಸು ಸಾಕಿತ್ತು. ಸೂರ್ಯ ಮುಳುಗುವವರೆಗೆ ಹನ್ನೊಂದು ತಾಸು ಇಳಿಯಲೇ ಇಲ್ಲ, ಎಷ್ಟು ಎತ್ತರಕ್ಕೆಂದರೆ ಹದ್ದುಗಳು ದಾರಿ ಬಿಟ್ಟು ಹೋದವು. ನಿರ್ದೇಶಕರು ಬರಿಗೊರಳಿನಲ್ಲಿ ಬಂದು, ಫಕ್ಕೀರಪ್ಪನ ಪಕ್ಕ ನೆಲದ ಮೇಲೆ ಕೂತು, ದವಡೆಯಲ್ಲಿ ಬೆಲ್ಲ ಇಟ್ಟುಕೊಂಡು ಹಗ್ಗದ ಕಥೆ ಪೂರ್ತಿ ಕೇಳಿದರು.

ಆದರೆ ಆ ದಿನ ಫೋನಿನಲ್ಲಿ ಅವರು ಏನೆಂದರು ಎಂಬುದನ್ನು ಅವರೂ ಹೇಳಿಲ್ಲ, ನೀಲಗಂಗಾಳೂ ಹೇಳಿಲ್ಲ. ಬೈಗುಳ ಬಿಟ್ಟರೆ ಬೇರೇನೂ ಇರಲಿಕ್ಕಿಲ್ಲ ಎಂದು ಫಕ್ಕೀರಪ್ಪ ಮೀಸೆ ಮುಟ್ಟಿ ಹೇಳುತ್ತಾನೆ. ಬರೀ ಬೈಗುಳಕ್ಕೆ ಯಾರೂ ಹಾಗೆ ಕಣ್ಣೊರೆಸಿಕೊಳ್ಳುವುದಿಲ್ಲ ಎಂದು ದಾವಲಬಿ ವಾದಿಸುತ್ತಾಳೆ. ಇಬ್ಬರೂ ಇವತ್ತಿಗೂ ಕ್ಯಾಂಟೀನಿನಲ್ಲಿ ಜಗಳವಾಡುತ್ತಾರೆ. ಅವರದು ಹಾಗಿರಲಿ. ಇಷ್ಟು ಹೊತ್ತು ಕೇಳಿದವರು ನೀವು. ಒಂದೇ ನಿಮಿಷದಲ್ಲಿ ಬೆಚ್ಚಿಬೀಳಿಸಿ, ನಗಿಸಿ, ಅಳಿಸಿ, ಮೇಲೆ ಇಪ್ಪತ್ತು ದಿನವನ್ನೂ ಕೊಟ್ಟ ಆ ಮಾತು ಯಾವುದಿದ್ದೀತು? ಎಲ್ಲಿ, ಹೇಳಿ ನೋಡೋಣ.